ಯಾರ ಪೈಕಿ ಆಗಬೇಕ್ರಿ?

ಕಲಬುರಗಿಯಲ್ಲಿ ಹೊಸಬರು ಸಿಕ್ಕರೆ ಹೆಸರಿಗಿಂತ ಮೊದಲು ಕೇಳುವುದು, 'ಯಾರ ಪೈಕಿ ಆಗಬೇಕ್ರಿ?' ಸೂಪರ್ ಮಾರ್ಕೆಟಿನ ಬಟ್ಟೆ ಅಂಗಡಿಯಾಗಲಿ, ಶರಣಬಸವೇಶ್ವರ ಜಾತ್ರೆಯ ಗದ್ದಲವಾಗಲಿ, ಬೀದರಕ್ಕೆ ಹೋಗುವ ರೈಲಾಗಲಿ, ಪಕ್ಕದವರು ಎರಡೇ ನಿಮಿಷದಲ್ಲಿ ನಿಮ್ಮ ಸೋದರಮಾವನ ಊರನ್ನೋ ನಿಮಗೆ ಪಾಠ ಹೇಳಿದ ಮಾಸ್ತರರ ಅಳಿಯನನ್ನೋ ಪತ್ತೆಹಚ್ಚಿ, ನಿಮಗೂ ತಮಗೂ ಒಂದು ಗಂಟು ಹಾಕಿಬಿಡುತ್ತಾರೆ. ಗಂಟು ಬಿದ್ದಮೇಲೆ ಚಹಾ. ಈ ಪ್ರಶ್ನೆಯ ಬೆನ್ನಿಗೆ ಜಾತಿ ಕೆದಕುವ ಚಾಳಿಯೂ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಕೇಳುವವರ ಮನಸ್ಸಿನಲ್ಲಿ ಮುಖ್ಯವಾಗಿ ಇರುವುದು ಇಷ್ಟೇ: ಈ ಮನುಷ್ಯನನ್ನು ನಾನು ಎಲ್ಲಿ ಇಟ್ಟು ನೋಡಲಿ?

ಫೋನಿನಲ್ಲಿ ಗುರುತಿಲ್ಲದವರ ಮೆಸೇಜು ಬಂದು ಬಿದ್ದಾಗಲೂ ಏಳುವುದು ಇದೇ ಪ್ರಶ್ನೆ. ಬಾಯಿಬಿಟ್ಟು ಕೇಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅವರು ಕೇಳುವ ಮೊದಲೇ ನಾವು ಹೇಳಿ ಮುಗಿಸಿರಬೇಕು.

ಹೇಳುವುದು ಬಿಟ್ಟು ನಮ್ಮ ಹುಡುಗರು 'ಹಾಯ್ ಸರ್' ಎಂದು ಕಳಿಸಿ ಕಾಯುತ್ತಾರೆ. ಅತ್ತಲಿನವರು ಸಂಭಾವಿತರಾದರೆ 'ಹೇಳಿ' ಅನ್ನುತ್ತಾರೆ. ಇತ್ತ 'ಆರಾಮ್ರಿ ಸರ?' ಆರಾಮ. 'ಊಟ ಆತ್ರಿ?' ಆಯಿತು. 'ಒಂದ್ ಕೆಲ್ಸ ಇತ್ರಿ.' ಇಷ್ಟು ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ, ಕೆಲಸ ಏನೆಂಬುದು ಮಾತ್ರ ಇನ್ನೂ ಹೊರಗೆ ಬಿದ್ದಿರುವುದಿಲ್ಲ. ಎದುರಿಗೆ ಕೂತು ಆಡಿದರೆ ಇದೇ ಮಾತು ಸೊಗಸು. ಆದರೆ ಹೈದರಾಬಾದಿನ ಆಫೀಸಿನಲ್ಲಿ ಮೀಟಿಂಗಿನ ನಡುವೆ ಫೋನು ನೋಡುವವರಿಗೆ ಅದು ಕಿರಿಕಿರಿ.

ಹಾಗೆಂದು ಕುಶಲ ಕೇಳುವುದೇ ತಪ್ಪೆಂದು ನಾನು ಹೇಳಲಾರೆ. ನಮ್ಮ ಹಿರಿಯರ ಕಾಗದಗಳಲ್ಲೂ ಕುಶಲವೇ ಮೊದಲು. ಆದರೆ 'ಉಭಯ ಕುಶಲೋಪರಿ ಸಾಂಪ್ರತ' ಎಂದು ಒಂದೇ ಏಟಿಗೆ ಎರಡೂ ಕಡೆಯ ಕ್ಷೇಮ ಮುಗಿಸಿ, ಮುಂದಿನ ಸಾಲಿಗೇ ಎತ್ತು ಮಾರಿದ ಸುದ್ದಿಗೋ ಹೆಣ್ಣು ನೋಡಲು ಬರುವ ದಿನಕ್ಕೋ ಇಳಿಯುತ್ತಿದ್ದರು. ಕಾರ್ಡಿನಲ್ಲಿ ಜಾಗ ಕಡಿಮೆ ಎಂಬುದು ಅವರಿಗೆ ಗೊತ್ತಿತ್ತು. ನಮಗೂ ಜಾಗ ಬಹಳವೇನಿಲ್ಲ. 2023ರ ಆಗಸ್ಟಿನಲ್ಲಿ ಇನ್‌ಸ್ಟಾಗ್ರಾಮ್ ನಿಯಮವನ್ನೇ ತಂದಿತು: ನಮ್ಮನ್ನು ಫಾಲೋ ಮಾಡದವರಿಗೆ ಒಂದೇ ಮೆಸೇಜು, ಅದೂ ಬರಹ ಮಾತ್ರ. ಫೋಟೊ, ವಿಡಿಯೊ, ಧ್ವನಿ ಯಾವುದೂ ಇಲ್ಲ. ಅವರು ಒಪ್ಪಿಕೊಂಡ ಮೇಲೆಯೇ ಮುಂದಿನ ಮಾತು. ಇರುವ ಆ ಒಂದನ್ನು 'ಹಾಯ್'ಗೆ ಖರ್ಚು ಮಾಡಿದರೆ ಕಥೆ ಮುಗಿಯಿತು. ಲಿಂಕ್ಡ್‌ಇನ್ನಿನವರು ಪರಿಚಯದ ಸಾಲಿಗೆ ಅಕ್ಷರದ ಲೆಕ್ಕ ಇಟ್ಟಿದ್ದಾರೆ. ಅಲ್ಲಿ ಕನ್ನಡಿಗರ ಕಷ್ಟ ಬೇರೆ. ಒತ್ತು, ಗುಣಿತಗಳೆಲ್ಲ ಬಿಡಿಬಿಡಿಯಾಗಿ ಎಣಿಕೆಗೆ ಬರುವುದರಿಂದ ನಮಗೆ ಒಂದೇ ಅಕ್ಷರವಾದ 'ಸ್ತ್ರೀ' ಕಂಪ್ಯೂಟರಿನ ಲೆಕ್ಕದಲ್ಲಿ ಆರು!

ಸ್ತ್ರೀ ಎಂದಾಗ ನೆನಪಾಯಿತು. ಹೆಣ್ಣುಮಕ್ಕಳ ಮೆಸೇಜ್ ರಿಕ್ವೆಸ್ಟಿನಲ್ಲಿ 'ಹಾಯ್ ಡಿಯರ್'ಗಳ ರಾಶಿ ಎಷ್ಟಿರುತ್ತದೆಂದರೆ, ಎಷ್ಟೋ ಜನ ಅದನ್ನು ತೆರೆಯುವುದನ್ನೇ ಬಿಟ್ಟಿದ್ದಾರೆ. ನೆಟ್ಟಗೆ ಬರೆದ ಹುಡುಗನ ಮೆಸೇಜೂ ಆ ರಾಶಿಯ ಅಡಿಯಲ್ಲೇ ಬಿದ್ದಿರುತ್ತದೆ. ಅವನು ಬೈಯಬೇಕಾದ್ದು ಉತ್ತರಿಸದ ಹೆಣ್ಣುಮಗಳನ್ನಲ್ಲ, ಡಿಯರ್ ಎಂದವರನ್ನು.

ಗುರುತಿಲ್ಲದವರ ಬಾಗಿಲು ತಟ್ಟುವ ಕಷ್ಟ ಹೊಸದಲ್ಲ. ಹಿಂದೆ ಬೆಂಗಳೂರಿಗೋ ಮುಂಬೈಗೋ ಕೆಲಸ ಹುಡುಕಿ ಹೊರಟವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಮೊದಲು ಒಂದು ಚೀಟಿ ಸಂಪಾದಿಸುತ್ತಿದ್ದರು. ಊರಿನ ಗೌಡರೋ ಶಾಸಕರ ಕಡೆಯವರೋ ಲೆಟರ್‌ಹೆಡ್ಡಿನಲ್ಲಿ 'ಈತ ನಮ್ಮವ' ಎಂದು ಎರಡು ಸಾಲು ಬರೆದುಕೊಟ್ಟದ್ದು. ಮಡಚಿ ಮಡಚಿ ಮಡಿಕೆ ಹರಿದರೂ ಅದು ಒಳಜೇಬಿನಲ್ಲೇ ಇರುತ್ತಿತ್ತು. ಚೀಟಿ ಸಿಕ್ಕವರು ದಡ ಸೇರಿದರು. ಗೌಡರ ಕಟ್ಟೆ ಹತ್ತಲು ಧೈರ್ಯವಿಲ್ಲದವರ ಮಕ್ಕಳಿಗೆ ಚೀಟಿಯೂ ಇರಲಿಲ್ಲ, ದಡವೂ ಇರಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನವೊಂದು ಚೀಟಿಯಿಲ್ಲದ ಇಂಥವರಿಗೆ ಆಸೆ ಹುಟ್ಟಿಸುವಂಥದ್ದು. ಪರಿಚಯದ ಮೂಲಕ ಕೆಲಸ ಹಿಡಿದವರನ್ನು ವಿಚಾರಿಸಿದಾಗ ಸುಳಿವು ಕೊಟ್ಟವರು ಹೆಚ್ಚಾಗಿ ಆಪ್ತರಾಗಿರಲಿಲ್ಲ, ಆಗೊಮ್ಮೆ ಈಗೊಮ್ಮೆ ಭೇಟಿಯಾಗುವವರಾಗಿದ್ದರು. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ; ದೂರದವರಿಗೆ ಬೇರೆ ಓಣಿಯ ಸುದ್ದಿ ಗೊತ್ತಿರುತ್ತದೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಲಿಂಕ್ಡ್‌ಇನ್ನಿನ ಎರಡು ಕೋಟಿಗೂ ಹೆಚ್ಚು ಜನರ ಸಂಪರ್ಕಗಳನ್ನು ಜಾಲಾಡಿ ಹೆಚ್ಚುಕಡಿಮೆ ಅದನ್ನೇ ಹೇಳಿತು. ಆದರೆ ತೀರ ದೂರದವರಿಗಿಂತ ಸ್ವಲ್ಪ ಪರಿಚಯದವರಿಂದ ಉಪಯೋಗ ಹೆಚ್ಚು ಎಂದು ತಿದ್ದಿತು. ಪೂರ್ತಿ ಅಪರಿಚಿತರನ್ನು ಅಂಥ ಸ್ವಲ್ಪ ಪರಿಚಯದವರನ್ನಾಗಿ ಮಾಡಿಕೊಳ್ಳುವುದೇ ಈ ಮೆಸೇಜಿನ ಕಸುಬು. ಚೀಟಿಯಿಲ್ಲದ ಮನೆಯ ಹುಡುಗ 'ನಾನು ನಿಮ್ಮ ಮಾವನ ಪೈಕಿ' ಎನ್ನಲಾರ. 'ನೀವು ಮಾಡಿದ ಈ ಕೆಲಸವನ್ನು ನೋಡಿದವರ ಪೈಕಿ' ಎನ್ನಬಹುದು. ಅದಕ್ಕೆ ಗೌಡರ ಸಹಿ ಬೇಕಿಲ್ಲ. ನಿಜವಾಗಿ ನೋಡಿರಬೇಕು, ಅಷ್ಟೇ.

ಕಲಬುರಗಿಯಿಂದ ಹುಮನಾಬಾದ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಹೋದರೆ ಕಮಲಾಪುರ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ನಮ್ಮ ತೊಗರಿಗೆ 2019ರಲ್ಲಿ ಸಿಕ್ಕಿತಲ್ಲ, ಅದೇ. ದಪ್ಪ ಹಣ್ಣು, ತಾಮ್ರ ಬೆರೆತ ಕೆಂಪು ಸಿಪ್ಪೆ. ಕೈಗೆ ಬರಲು ಒಂದೂವರೆ ವರ್ಷ ಹಿಡಿಯುವುದರಿಂದ ಬೆಲೆ ಜಾಸ್ತಿ, ಬೆಳೆಯುವವರು ಕಡಿಮೆ. ಅದನ್ನು ಬೆಳೆಯುವ ಮನೆಯ ಹುಡುಗನೊಬ್ಬ ನನ್ನ ಕ್ಲಾಸಿನಲ್ಲಿದ್ದ, ಬಿ.ಕಾಂ. ಕೊನೆಯ ವರ್ಷ. ಬೆಂಗಳೂರಿನಲ್ಲಿ ಊರೂರಿನ ಬಾಳೆ ತರಿಸಿ ಮಾರುವ ವ್ಯಾಪಾರಿಯೊಬ್ಬರಿಗೆ ಮೆಸೇಜು ಬರೆದು ನನಗೆ ತೋರಿಸಿದ:

'ಹಾಯ್ ಸರ್, ನಿಮ್ಮ ವರ್ಕ್ ಸೂಪರ್. ನೀವೇ ನನಗೆ ಸ್ಫೂರ್ತಿ. ನಿಮ್ಮ ಮಾರ್ಗದರ್ಶನ ಬೇಕಾಗಿತ್ತು. ಪ್ಲೀಸ್ ರಿಪ್ಲೈ ಮಾಡಿ.'

ಇದನ್ನು ಬಾಳೆ ವ್ಯಾಪಾರಿಗೂ ಕಳಿಸಬಹುದು, ಕ್ರಿಕೆಟಿಗನಿಗೂ ಕಳಿಸಬಹುದು. ಹೊಗಳಿಕೆ ಧಾರಾಳವಾಗಿದೆ, ಆದರೆ ಯಾವ ಕೆಲಸಕ್ಕೆ ಎಂಬುದಿಲ್ಲ. ಮಾರ್ಗದರ್ಶನ ಎಂಬ ಗಾಡಿಗಟ್ಟಲೆ ಸಾಮಾನನ್ನು ಯಾರು ತಾನೇ ಕೂತಲ್ಲಿಂದ ಎತ್ತಿಕೊಟ್ಟಾರು? 'ಅವರ ಕಡೆಯಿಂದ ನಿನಗೆ ಖರೇ ಬೇಕಾದದ್ದು ಏನು?' ಎಂದೆ. ತಡವರಿಸಿದ. ಕೆದಕಿದ ಮೇಲೆ ಒಂದೊಂದೇ ಹೊರಬಂತು. ಮರುದಿನ ಬರೆದುಕೊಂಡು ಬಂದದ್ದು ಹೀಗಿತ್ತು:

'ನಮಸ್ಕಾರ ಸರ್. ನಾನು ಕಲಬುರಗಿ ಜಿಲ್ಲೆ ಕಮಲಾಪುರದವನು, ಬಿ.ಕಾಂ. ಓದುತ್ತಿದ್ದೇನೆ. ಮನೆಯಲ್ಲಿ ಎರಡು ಎಕರೆ ಕೆಂಪು ಬಾಳೆ ಇದೆ. ನಂಜನಗೂಡು ರಸಬಾಳೆ ತರಿಸುವ ಬಗ್ಗೆ ನೀವು ಹಾಕಿದ ವಿಡಿಯೊ ನೋಡಿದೆ. ಗೊನೆಗೆ ಒಣ ಎಲೆ ಸುತ್ತಿದ್ದು ಕಂಡಿತು, ಆದರೆ ಕಡಿದ ಎಷ್ಟನೇ ದಿನ ಗಾಡಿಗೆ ಹಾಕಿಸುತ್ತೀರಿ ಎಂದು ತಿಳಿಯಲಿಲ್ಲ. ನಮ್ಮ ಹಣ್ಣು ದಾರಿಯಲ್ಲೇ ಮೆತ್ತಗಾಗುತ್ತಿದೆ. ಬಿಡುವಾದಾಗ ಒಂದು ಸಾಲು ಬರೆದರೆ ಸಾಕು.'

ನನಗೆ ಹಿಡಿಸಿದ್ದು ಆ ಒಣ ಎಲೆ. ವಿಡಿಯೊ ಪೂರ್ತಿ ನೋಡದವನಿಗೆ ಅದು ಕಾಣುವುದಿಲ್ಲ. ಕೇಳಿದ್ದೂ ಒಂದೇ, ಉತ್ತರ ಒಂದು ಅಂಕಿ. ಬಸ್ಸಿಗೆ ಕಾಯುತ್ತ ನಿಂತವರೂ ಬರೆಯಬಹುದು. ಒಂದೇ ಕೊರತೆ ಕಂಡಿತು. ಮುಂದೆ ಅವರಿಗೇ ಹಣ್ಣು ಮಾರುವ ಆಸೆ ಇವನಿಗಿತ್ತು, ಅದನ್ನು ಮುಚ್ಚಿಟ್ಟಿದ್ದ.

'ಅದನ್ನೂ ಒಂದ್ ಸಾಲಿನ್ಯಾಗ ಬರಿ' ಎಂದೆ.

'ಹಂಗ್ ಬರದ್ರ ವ್ಯಾಪಾರಕ್ ಬಂದಾನ ಅನ್ಕೋತಾರ್ರಿ ಸರ.'

'ವ್ಯಾಪಾರಕ್ಕೇ ಹೊಂಟೀದಿ ಅಲ್ಲೇನಪ?'

ಈ ವಿಷಯದಲ್ಲಿ ನನ್ನದು ಹಟ. ಮೊದಲು ಸ್ನೇಹ ಬೆಳೆಸು, ಆಮೇಲೆ ಮೆಲ್ಲಗೆ ವಿಷಯ ತೆಗೆ ಎಂದು ಕಲಿಸುವವರಿದ್ದಾರೆ. ಆ ಜಾಣತನ ನನಗೆ ಸೇರದು. ಮೂರನೇ ಮೆಸೇಜಿಗೆ ಬಣ್ಣ ಬಯಲಾದರೆ ಮೊದಲಿನ ಎರಡೂ ಸುಳ್ಳಾಗುತ್ತವೆ. ಹುಡುಗ ಒಲ್ಲದ ಮನಸ್ಸಿನಿಂದ ಸೇರಿಸಿದ: 'ಹಣ್ಣು ತಾಳಿದರೆ ಮುಂದೆ ನಿಮಗೂ ಕಳಿಸುವ ಆಸೆ ಇದೆ.'

ಉತ್ತರ ಬಾರದಿದ್ದರೆ ಏನು ಮಾಡಲಿ ಎಂದೂ ಕೇಳಿದ. ವಾರ ಬಿಟ್ಟು ಒಂದು ಸಲ ನೆನಪಿಸು, ನಂತರ ಬಿಟ್ಟುಬಿಡು ಎಂದೆ. ಹಾಗೇ ಮಾಡುತ್ತೇನೆಂದು ಹೋದವನು ದಿನಕ್ಕೆ ಇಪ್ಪತ್ತು ಸಲ ಫೋನು ತೆರೆದು ನೋಡುತ್ತಿದ್ದನೆಂದು ಅವನ ಗೆಳೆಯರು ಹೇಳಿದರು. ನೆನಪಿಸುವ ಪ್ರಸಂಗ ಬರಲಿಲ್ಲ. ಕಡಿದ ದಿನವೇ ಹಾಕಿಸಬೇಕು, ಮುಕ್ಕಾಲು ಬಲಿತಾಗಲೇ ಕಡಿಯಬೇಕು ಎಂದು ವ್ಯಾಪಾರಿ ಬರೆದಿದ್ದರು. ಕೆಳಗೆ ತಮ್ಮದೂ ಒಂದು ಪ್ರಶ್ನೆ: ಕಮಲಾಪುರದಿಂದ ಬೆಂಗಳೂರಿಗೆ ರಾತ್ರಿ ಯಾವ ಗಾಡಿ ಸಿಗುತ್ತದೆ? ಅದರ ಕೆಳಗೆ ನಂಬರು.

ಹುಡುಗ ಫೋನು ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದ. 'ಇದಕ್ಕ ಏನಂತ ಬರೀಲ್ರಿ ಸರ?'

'ಇನ್ನೇನ್ ಬರಿತಿಯಪ, ಫೋನ್ ಹಚ್ಚು' ಎಂದೆ.