ಉಚಿತ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಪಾಠ ಹೇಳಿದವನು ನಾನು. "ಉಚಿತ" ಎಂಬ ಶಬ್ದವು ಬಂದಾಗಲೆಲ್ಲ ಹುಡುಗರಿಗೆ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದೆನು. ಸಂಸ್ಕೃತದಲ್ಲಿ ಉಚಿತವೆಂದರೆ ತಕ್ಕದ್ದು, ಯೋಗ್ಯವಾದದ್ದು. ಅದಕ್ಕೂ ದುಡ್ಡಿಗೂ ಯಾವ ಸಂಬಂಧವೂ ಇಲ್ಲ. ಕನ್ನಡದಲ್ಲಿ ಅದೇ ಶಬ್ದವು ದುಡ್ಡು ಕೊಡದೆ ದೊರೆಯುವುದು ಎಂಬ ಅರ್ಥವನ್ನೂ ಪಡೆದಿದೆ. ಪರೀಕ್ಷೆಯಲ್ಲಿ ಇವೆರಡನ್ನೂ ಬೆರಸಿದವರಿಗೆ ಅಂಕ ಕಳೆಯುವೆನೆಂದು ಹೆದರಿಸುತ್ತಲೂ ಇದ್ದೆನು. ಕಡೆಗೆ ನಾನೇ ಅವೆರಡನ್ನು ಬೆರಸಿ ಅಂಕ ಕಳೆದುಕೊಂಡ ಸಂಗತಿಯನ್ನು ವಾಚಕರ ಮುಂದೆ ಒಪ್ಪಿಸಿಕೊಳ್ಳುವುದಕ್ಕಾಗಿ ಈ ಬರಹ.

2025ರಲ್ಲಿ ನನಗೆ ಅರವತ್ತು ತುಂಬಿತು. ಕೆಲಸದಿಂದ ನಿವೃತ್ತಿಯೂ ಅದೇ ವರ್ಷ ಆಯಿತು. ತಿಪಟೂರಿನ ಮನೆಯಲ್ಲಿ ಶಾಂತಿ ಹೋಮಗಳು ಮುಗಿದ ಮೇಲೆ, ಜರ್ಮನಿಯಲ್ಲಿರುವ ಮಗನು ನಮ್ಮಿಬ್ಬರನ್ನೂ ಅಲ್ಲಿಗೆ ಕರೆಸಿಕೊಂಡನು. ತನಗೆ ರಜವಿಲ್ಲದ ಒಂದು ವಾರದಲ್ಲಿ ನಾವು ಮನೆಯಲ್ಲಿ ಸುಮ್ಮನೆ ಕುಳಿತಿರಬಾರದೆಂದು, ಇಟಲಿಯ ಜಿನೋವಾದಿಂದ ಹೊರಟು ಮೆಡಿಟರೇನಿಯನ್ ಸಮುದ್ರವನ್ನು ಏಳು ರಾತ್ರಿ ಸುತ್ತಿ ಬರುವ ವಿಹಾರನೌಕೆಗೆ ಟಿಕೇಟು ತೆಗೆದನು. "ಅಪ್ಪ, ಎಲ್ಲವೂ ಟಿಕೇಟಿನಲ್ಲಿಯೇ ಸೇರಿದೆ. ಸೇರದೆ ಇರುವುದಕ್ಕೆ ನನ್ನ ಕಾರ್ಡನ್ನು ಬರೆಸಿದ್ದೇನೆ, ಯೋಚನೆ ಮಾಡಬೇಡಿ" ಎಂದನು. ಮೊದಲನೆಯ ವಾಕ್ಯದಿಂದ ನನಗಾದ ಸಂತೋಷವನ್ನು ಎರಡನೆಯದು ನುಂಗಿಬಿಟ್ಟಿತು. ಎಲ್ಲವೂ ಸೇರಿದ ಮೇಲೆ ಸೇರದೆ ಉಳಿಯುವುದು ಯಾವುದು? ಅದು ಎಷ್ಟಾದರೂ ಹುಡುಗನ ಮೇಲೆ ಬೀಳುತ್ತದೆ. ಅವನ ಕಾರ್ಡಿಗೆ ಒಂದು ಕಾಸೂ ಏರದಂತೆ ಹಿಂದಿರುಗಬೇಕೆಂದು ರೈಲಿನಲ್ಲಿಯೇ ಸಂಕಲ್ಪ ಮಾಡಿಕೊಂಡೆನು.

ಸಮುದ್ರದ ಮೇಲೆ ಕೇವಲ ವಿಹಾರಕ್ಕಾಗಿ ಹೋಗುವ ಪದ್ಧತಿ ಯೂರೋಪಿನಲ್ಲಿ ಹಳೆಯದು. 1844ರಲ್ಲಿ ಇಂಗ್ಲೆಂಡಿನ ಪಿ. ಅಂಡ್ ಓ. ಕಂಪೆನಿಯು ಕಾದಂಬರಿಕಾರ ಥ್ಯಾಕರೆಗೆ ಮೆಡಿಟರೇನಿಯನ್ ಯಾತ್ರೆಯ ಟಿಕೇಟನ್ನು ಹಣ ತೆಗೆದುಕೊಳ್ಳದೆ ಕೊಟ್ಟಿತು. ಆತನು 1846ರಲ್ಲಿ ಆ ಯಾತ್ರೆಯ ಪುಸ್ತಕವನ್ನು ಪ್ರಕಟಿಸಿದನು. 1891ರ ಜನವರಿಯಲ್ಲಿ ಹ್ಯಾಂಬರ್ಗಿನ ಕಂಪೆನಿಯೊಂದರ "ಆಗಸ್ಟಾ ವಿಕ್ಟೋರಿಯಾ" ಎಂಬ ಹಡಗು, ಚಳಿಗಾಲದಲ್ಲಿ ಸುಮ್ಮನೆ ನಿಲ್ಲುವುದಕ್ಕೆ ಬದಲಾಗಿ, 241 ಮಂದಿ ಪ್ರಯಾಣಿಕರೊಡನೆ ಇದೇ ಸಮುದ್ರಕ್ಕೆ ಹೊರಟಿತು. ಥ್ಯಾಕರೆಗೆ ದೊರೆತದ್ದು ನಿಜವಾದ ಪುಕ್ಕಟೆ. ಮಿಕ್ಕವರಿಗೆ ದೊರೆಯುವುದು, ಮುಂಚೆಯೇ ಹಣ ಕೊಟ್ಟು ಆಮೇಲೆ ಕೊಟ್ಟದ್ದನ್ನು ಮರೆಯುವ ಪುಕ್ಕಟೆ.

ವ್ಯಾಕರಣದಲ್ಲಿ ಉತ್ಸರ್ಗ, ಅಪವಾದ ಎಂದು ಎರಡುಂಟು. ಎಲ್ಲೆಡೆಗೂ ಅನ್ವಯಿಸುವ ಸಾಮಾನ್ಯ ನಿಯಮವು ಉತ್ಸರ್ಗ. ಅದನ್ನು ತಡೆಯುವ ವಿಶೇಷ ನಿಯಮವು ಅಪವಾದ. ಅಪವಾದವೇ ಬಲವತ್ತರವಾದದ್ದು. ಹಡಗಿನ ಕಂಪೆನಿಗಳು ಉತ್ಸರ್ಗವನ್ನು ದೊಡ್ಡ ಅಕ್ಷರಗಳಲ್ಲಿಯೂ ಅಪವಾದವನ್ನು ಸಣ್ಣ ಅಕ್ಷರಗಳಲ್ಲಿಯೂ ಅಚ್ಚು ಹಾಕುತ್ತವೆ. ಮಲಗುವ ಕೊಠಡಿ, ದೊಡ್ಡ ಭೋಜನಶಾಲೆಯಲ್ಲಿ ಮೂರು ಹೊತ್ತಿನ ಊಟ, ತಾವೇ ಬಡಿಸಿಕೊಳ್ಳುವ ಬಫೆ, ರಾತ್ರಿಯ ನಾಟಕ ಸಂಗೀತಗಳು, ಈಜುವ ಕೊಳ, ಅಂಗಸಾಧನೆಯ ಶಾಲೆ ಇವೆಲ್ಲ ಸಾಮಾನ್ಯವಾಗಿ ಟಿಕೇಟಿಗೆ ಸೇರಿದವು. ಮುಂಚಿತವಾಗಿ ತಿಳಿಸಿದ್ದುದರಿಂದ ನಮ್ಮ ಸಸ್ಯಾಹಾರಕ್ಕೂ ಬೇರೆ ದರ ಬೀಳಲಿಲ್ಲ. ಇಷ್ಟು ಉತ್ಸರ್ಗ.

ಅಪವಾದಗಳು ಇವು: ಮದ್ಯ, ಪಾನಕ, ಬಾಟಲಿಯ ನೀರು, ವಿಶೇಷ ಭೋಜನಶಾಲೆಗಳು, ಅಂತರ್ಜಾಲ, ಬಟ್ಟೆ ಒಗೆಸುವುದು, ಅಂಗಮರ್ದನ, ಹಬೆಯ ಸ್ನಾನ, ಅವರೇ ಅಲ್ಲಲ್ಲಿ ನಿಲ್ಲಿಸಿ ತೆಗೆಯುವ ಭಾವಚಿತ್ರ, ಬಂದರುಗಳಲ್ಲಿ ಊರು ತೋರಿಸುವ ಬಸ್ಸು, ಹಡಗಿನ ವೈದ್ಯರ ಫೀಜು. ಪಾನೀಯಗಳಿಗೆ ದಿನಕ್ಕಿಷ್ಟೆಂದು ಒಟ್ಟು ಕಟ್ಟುವ ಏರ್ಪಾಡೂ ಉಂಟು; ಆದರೆ ಒಂದು ಕೊಠಡಿಯಲ್ಲಿರುವ ವಯಸ್ಕರೆಲ್ಲರೂ ಅದನ್ನು ಕೊಳ್ಳತಕ್ಕದ್ದೆಂದು ಅನೇಕ ಕಂಪೆನಿಗಳ ಕಟ್ಟಳೆ. ಗಂಡ ಕುಡಿಯುವವನಾದರೆ ಹೆಂಡತಿಯ ಲೆಕ್ಕವನ್ನೂ ತೆರಬೇಕು! ನಡುಸಮುದ್ರದಲ್ಲಿ ನಮ್ಮ ಮೊಬೈಲು ತಾನಾಗಿಯೇ ಹಡಗಿನ ಉಪಗ್ರಹ ಜಾಲವನ್ನು ಹಿಡಿದರೆ ಅದರ ಬಿಲ್ಲು ಬೇರೆಯೇ ಬರುತ್ತದೆ. ಹತ್ತಿದೊಡನೆ ಅದನ್ನು ವಿಮಾನದಲ್ಲಿ ಇಡುವಂತೆ ಇಟ್ಟುಬಿಡುವುದು ಕ್ಷೇಮ.

ಎಲ್ಲ ಕಂಪೆನಿಗಳದೂ ಒಂದೇ ರೀತಿಯಲ್ಲ. ಜಿನೋವಾದ ಕೋಸ್ಟಾ, ಜಿನೀವಾದ ಎಂ.ಎಸ್.ಸಿ. ಮೊದಲಾದವರ ಸಾಧಾರಣ ಟಿಕೇಟಿನಲ್ಲಿ ಪಾನೀಯಗಳ ಲೆಕ್ಕ ಬೇರೆ. ಜರ್ಮನರ "ಮೈನ್ ಶಿಫ್" ಹಡಗುಗಳಲ್ಲಿ ಬಹುತೇಕ ಪಾನೀಯಗಳೂ ಭಕ್ಷೀಸೂ ಒಳಗೇ ಸೇರಿವೆ. ವೈಕಿಂಗ್ ಎಂಬವರು ಬಂದರಿಗೆ ಒಂದರಂತೆ ಊರು ತೋರಿಸುವುದನ್ನೂ ಅಂತರ್ಜಾಲವನ್ನೂ ಸೇರಿಸಿಕೊಡುತ್ತಾರೆ. ಇಂಗ್ಲೆಂಡಿನ ಪಿ. ಅಂಡ್ ಓ. ಕ್ರೂಸಸ್ ದಿನವಹಿ ಭಕ್ಷೀಸನ್ನು ಬೇರೆಯಾಗಿ ವಸೂಲು ಮಾಡುವುದನ್ನು 2019ರಲ್ಲಿ ಬಿಟ್ಟಿತು. ಹೀಗೆ ಸೇರಿಸಿ ಕೊಡುವವರ ಟಿಕೇಟಿನ ಬೆಲೆಯೂ ಸಾಮಾನ್ಯವಾಗಿ ಹೆಚ್ಚೇ. ಆದುದರಿಂದ ಟಿಕೇಟುಗಳ ಬೆಲೆಯನ್ನಷ್ಟೇ ಒಂದಕ್ಕೊಂದು ಹೋಲಿಸುವವನು, ಪಾತ್ರೆಯೊಡನೆ ತೂಗಿದ ತುಪ್ಪವನ್ನೂ ಬರಿಯ ತುಪ್ಪವನ್ನೂ ಒಂದೇ ತಕ್ಕಡಿಯಲ್ಲಿಟ್ಟಂತೆ.

ನಮ್ಮ ಹಡಗಿನ ಹೆಸರು ಇಲ್ಲಿ ಬೇಕಿಲ್ಲ. ಹತ್ತುವಾಗಲೇ ನಮ್ಮ ಮನೆಯವಳು ತಂದಿದ್ದ ವಿದ್ಯುತ್ತಿನ ಕೆಟಲನ್ನು ಕಾವಲಿನವರು ತೆಗೆದಿಟ್ಟುಕೊಂಡು ಚೀಟಿ ಕೊಟ್ಟರು. ಬೆಂಕಿಯ ಭಯದಿಂದ ಕಾಯುವ ಸಾಮಾನುಗಳನ್ನು ಕೊಠಡಿಗೆ ಬಿಡುವುದಿಲ್ಲವಂತೆ. ಇಳಿಯುವಾಗ ಹಿಂದಕ್ಕೆ ಕೊಡುವರಂತೆ. ಆಕೆಗೆ ಮೊಣಕಾಲಿನ ನೋವು. ರಾತ್ರಿ ಬಿಸಿನೀರಿನ ಶಾಖ ಕೊಟ್ಟುಕೊಳ್ಳದಿದ್ದರೆ ನಿದ್ರೆಯಿಲ್ಲ. "ಹೋಗಲಿ ಬಿಡಿ, ಒಂದು ವಾರ ತಾನೆ" ಎಂದಳು.

ಮೊದಲನೆಯ ರಾತ್ರಿ ಭೋಜನಶಾಲೆಯಲ್ಲಿ ಬಡಿಸುವವನು ನೀರಿನ ಬಾಟಲಿ ತರಲೇ ಎಂದು ವಿನಯದಿಂದ ಕೇಳಿದನು. ಪಟ್ಟಿಯಲ್ಲಿ ಅದರ ಬೆಲೆಯನ್ನು ನೋಡಿ, ಬಾಯಾರಿಕೆಯಿಲ್ಲವೆಂದೆನು. ಬೇಸಗೆ ಬಂದರೆ ಬೀದಿಯಲ್ಲಿ ಅರವಟ್ಟಿಗೆ ಇಡುವ ನಾಡಿನಲ್ಲಿ ಹುಟ್ಟಿದವರು, ಎಲೆಯ ಮುಂದೆ ಕುಳಿತು ನೀರಿನ ಬೆಲೆಯನ್ನು ಓದಬೇಕಾಯಿತು. ಮೇಲಿನ ಅಂತಸ್ತಿನ ಬಫೆಯಲ್ಲಿ ನೀರಿನ ಯಂತ್ರವಿದೆಯೆಂದು ಮಾರನೆಯ ದಿನ ತಿಳಿಯಿತು. ಅಂದಿನಿಂದ ನಮ್ಮ ಮನೆಯವಳು ಊಟಕ್ಕೆ ಮುಂಚೆ ಮೇಲೆ ಹೋಗಿ ಸ್ಟೀಲಿನ ಚೊಂಬಿಗೆ ನೀರು ತುಂಬಿಕೊಂಡು, ಸೆರಗಿನಲ್ಲಿ ಮರೆಮಾಡಿ ತರುತ್ತಿದ್ದಳು. ಅದು ಕಳ್ಳತನವಲ್ಲ, ಆದರೂ ಇಬ್ಬರಿಗೂ ಕಳ್ಳರ ನಡಿಗೆಯೇ ಬಂದುಬಿಟ್ಟಿತ್ತು.

ಬಂದರುಗಳಲ್ಲಿಯೂ ಇದೇ ಬಿಗಿ. ನೇಪಲ್ಸಿನಲ್ಲಿ ಹಡಗಿನಿಂದ ಇಳಿದರೆ ಹಳೆಯ ಕೋಟೆಯು ಎದುರಿಗೇ ನಿಂತಿದೆ. ಅಲ್ಲಿ ನಡೆದೇ ತಿರುಗಿದೆವು. ಮಾರ್ಸೇಲ್ಸಿನಲ್ಲಿ ಹಡಗು ನಿಲ್ಲುವ ಕಟ್ಟೆಯಿಂದ ಹಳೆಯ ಬಂದರು ಬಹು ದೂರ. ಕಂಪೆನಿಯ ಬಸ್ಸಿಗೆ ದರವಿತ್ತು. ನಾವು ಇಳಿಯಲೇ ಇಲ್ಲ. ಚಿವಿಟಾವೆಕಿಯಾದಿಂದ ರೋಮ್ ನಗರಕ್ಕೆ ರೈಲಿನಲ್ಲಿ ಹೋಗಬಹುದಾಗಿತ್ತು. ತಪ್ಪಿದರೆ ಹಡಗು ನಮಗಾಗಿ ಕಾಯುವುದಿಲ್ಲವೆಂಬ ನೆಪದಿಂದ ಅದನ್ನೂ ಬಿಟ್ಟೆವು. ನಮ್ಮ ಮನೆಯವಳು ಕಟಕಟೆಯ ಬಳಿ ನಿಂತು, "ರೋಮ್ ಆ ಕಡೆಗೋ ಈ ಕಡೆಗೋ?" ಎಂದು ಕೇಳಿದಳು. ನಾನು ಒಂದು ದಿಕ್ಕಿಗೆ ಕೈ ತೋರಿಸಿದೆನು. ಆಕೆ ಆ ಕಡೆಗೆ ಸ್ವಲ್ಪ ಹೊತ್ತು ನೋಡಿದಳು.

ನಮ್ಮ ಕೊಠಡಿಯನ್ನು ನೋಡಿಕೊಳ್ಳುತ್ತಿದ್ದವನು ಕುಂದಾಪುರದ ಕಡೆಯ ಹುಡುಗ. ಎರಡನೆಯ ದಿನ ನಮ್ಮ ಮಾತು ಕಿವಿಗೆ ಬಿದ್ದು, ಬಾಗಿಲಲ್ಲಿಯೇ ನಿಂತು, "ಕನ್ನಡದವರಾ ಅಮ್ಮ?" ಎಂದನು. ಕೆಟಲಿನ ಕಥೆಯನ್ನೂ ಮೊಣಕಾಲಿನ ಕಥೆಯನ್ನೂ ಆಕೆ ಆಗಲೇ ಹೇಳಿಬಿಟ್ಟಳು. ಅಂದಿನಿಂದ ಪ್ರತಿ ರಾತ್ರಿಯೂ ಒಂಬತ್ತು ಗಂಟೆಗೆ, ಯಾರೂ ಕೇಳದೆ, ಒಂದು ಫ್ಲಾಸ್ಕಿನ ತುಂಬ ಬಿಸಿನೀರು ಬರುತ್ತಿತ್ತು. ಆ ಬಿಸಿನೀರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಸೇರಿದ್ದರಲ್ಲಿಯೂ ಇಲ್ಲ, ಸೇರದುದರಲ್ಲಿಯೂ ಇಲ್ಲ.

ಆರನೆಯ ದಿನ ಲೆಕ್ಕವನ್ನು ನೋಡಲು ಕಚೇರಿಯ ಕೌಂಟರಿಗೆ ಹೋದೆನು. ಸೊನ್ನೆಯನ್ನು ಕಾಣುವೆನೆಂಬ ಹೆಮ್ಮೆಯಿತ್ತು. ಕಂಡದ್ದು 168 ಯೂರೋ: ಸೇವಾಶುಲ್ಕ, ತಲೆಗೆ ದಿನಕ್ಕೆ 12ರಂತೆ ಇಬ್ಬರಿಗೆ ಏಳು ದಿನ. ನಮ್ಮ ಹಣದಲ್ಲಿ ಹದಿನಾರು ಸಾವಿರಕ್ಕೂ ಮೇಲೆ. ಚೊಂಬಿನಲ್ಲಿ ನೀರು ಹೊತ್ತು ಉಳಿಸಿದ್ದೆಲ್ಲ ಒಂದೇ ಸಾಲಿನಲ್ಲಿ ಹೋಯಿತು! ಈ ಬಾಬು ಕೆಲವು ಕಂಪೆನಿಗಳಲ್ಲಿ ಕಡ್ಡಾಯ. ಕೆಲವದರಲ್ಲಿ ಕೇಳಿದರೆ ತೆಗೆದುಹಾಕುವರು. ನಮ್ಮ ಹಡಗು ಎರಡನೆಯ ಬಗೆಯದೆಂದು ಸರದಿಯಲ್ಲಿ ನನ್ನ ಮುಂದಿದ್ದವರಿಂದ ತಿಳಿಯಿತು. ಸೇವೆಯು ಟಿಕೇಟಿನಲ್ಲಿಯೇ ಸೇರಿರತಕ್ಕದ್ದೆಂದು ವಾದ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯಗಳನ್ನು ಜೋಡಿಸಿಕೊಂಡೆನು. ವಾದವೇ ಬೇಕಾಗಲಿಲ್ಲ. ಕೌಂಟರಿನ ಹೆಣ್ಣುಮಗಳು ಕಾರಣವನ್ನೂ ಕೇಳದೆ ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡು ಆ ಸಾಲನ್ನು ಅಳಿಸಿದಳು. ಸಂಕಲ್ಪವು ಸಿದ್ಧಿಸಿತು.

ಅಂದು ರಾತ್ರಿ ಒಂಬತ್ತಕ್ಕೆ ಫ್ಲಾಸ್ಕು ಬಂದಿತು. ಕುತೂಹಲದಿಂದಲೋ, ಮನಸ್ಸಿನಲ್ಲಿ ಏನೋ ಚುಚ್ಚಿದುದರಿಂದಲೋ, ಊರಿಗೆ ಹೋಗಿ ಎಷ್ಟು ದಿನವಾಯಿತೆಂದು ಹುಡುಗನನ್ನು ಕೇಳಿದೆನು. ಏಳು ತಿಂಗಳಾಯಿತೆಂದೂ, ಇನ್ನೂ ಎರಡು ತಿಂಗಳಿದೆಯೆಂದೂ ಹೇಳಿದನು. ವಾರದ ರಜವೆಂಬುದಿಲ್ಲ. ನಾವಿಕರ ಕೆಲಸದ ವಿಷಯದಲ್ಲಿ 2006ರಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯೊಂದುಂಟು. ಸಾಮಾನ್ಯವಾಗಿ ದಿನಕ್ಕೆ ಹತ್ತು ಗಂಟೆಗೂ ವಾರಕ್ಕೆ 77 ಗಂಟೆಗೂ ಕಡಮೆಯಿಲ್ಲದ ವಿಶ್ರಾಂತಿಯನ್ನು ಅದು ವಿಧಿಸುತ್ತದೆ. ವಿಶ್ರಾಂತಿಗೆ ಕನಿಷ್ಠವನ್ನು ಗೊತ್ತುಮಾಡಬೇಕಾದ ಕಡೆಯಲ್ಲಿ ಕೆಲಸ ಎಷ್ಟಿರಬಹುದೆಂದು ವಾಚಕರೇ ಊಹಿಸಬಹುದು.

"ಈ ಸೇವಾಶುಲ್ಕ ಎಂಬುದು ನಿಮಗೆ ಬರುತ್ತದೆಯೋ?" ಎಂದೆನು.

"ನಮ್ಮ ಹಡಗಲ್ಲಿ ಎಲ್ಲರಿಗೂ ಪಾಲು ಮಾಡಿ ಕೊಡ್ತಾರೆ ಸಾರ್, ಅಡಿಗೆಯವರಿಗೂ ಒಗೆಯುವವರಿಗೂ ಸೇರಿಸಿ. ತೆಗೆಸಿದವರದು ಬರುವುದಿಲ್ಲ."

"ತೆಗೆಸುವವರೂ ಇರುವರೋ?"

"ಇರ್ತಾರೆ ಸಾರ್. ಅವರವರ ಕಷ್ಟ ಅವರವರಿಗೆ" ಎಂದು ನಕ್ಕು, ಫ್ಲಾಸ್ಕಿನ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿಮಾಡಿ ಹೊರಟುಹೋದನು.

ಅವನಿಗೆ ನನ್ನ ಕೆಲಸ ತಿಳಿದಿರಲಿಲ್ಲ. ತಿಳಿದು ಹೇಳಿದ್ದರೆ ಸಹಿಸಬಹುದಾಗಿತ್ತು. ತಿಳಿಯದೆ ನನ್ನನ್ನು ಕ್ಷಮಿಸಿಬಿಟ್ಟನು. ನಡೆದುದನ್ನು ನಮ್ಮ ಮನೆಯವಳಿಗೆ ಹೇಳಿದೆನು. ಆಕೆ ಬೈಯಲಿಲ್ಲ. ಮೊಣಕಾಲಿನ ಮೇಲಿಟ್ಟುಕೊಂಡಿದ್ದ ಬಿಸಿಬಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟಳು. "ಹುಡುಗನ ಕಾರ್ಡಿಗೆ ಭಾರವಾಗಬಾರದು ಅಂತ ತಾನೆ ನೀವು ಮಾಡಿದ್ದು? ಹಾಗಾದರೆ ನಾವೇ ಕೊಡೋಣ" ಎಂದು, ಊರಿನವರಿಗೆ ಏನಾದರೂ ಕೊಂಡುಹೋಗಲೆಂದು ಬ್ಯಾಂಕಿನಲ್ಲಿ ಬದಲಾಯಿಸಿ ತಂದಿದ್ದ 200 ಯೂರೋಗಳ ಚೀಲವನ್ನು ನನ್ನ ಕೈಯಲ್ಲಿಟ್ಟಳು.

ರಾತ್ರಿ ಹತ್ತು ಗಂಟೆಗೆ ಪುನಃ ಸರದಿಯಲ್ಲಿ ನಿಂತೆನು. ಅದೇ ಹೆಣ್ಣುಮಗಳು ಇದ್ದಳು. ಅಳಿಸಿದ ಸಾಲನ್ನು ಮತ್ತೆ ಬರೆಯಬೇಕೆಂದೂ ನಗದಾಗಿ ತೆಗೆದುಕೊಳ್ಳಬೇಕೆಂದೂ ಕೇಳಿದಾಗ ಮಾತ್ರ ಆಕೆ ತಲೆಯೆತ್ತಿ ಮುಖವನ್ನು ನೋಡಿದಳು. ತೆಗೆಸುವವರನ್ನು ದಿನವೂ ನೋಡುತ್ತಿದ್ದವಳಿಗೆ ಸೇರಿಸುವವನು ಹೊಸಬನಾಗಿ ಕಂಡಿರಬೇಕು. ಉಳಿದ ಯೂರೋಗಳಲ್ಲಿ ಜಿನೋವಾದಲ್ಲಿ ಮೊಮ್ಮಗಳಿಗೆ ಒಂದು ಗೊಂಬೆಯನ್ನು ಕೊಂಡೆವು. ತಿಪಟೂರಿನವರಿಗೆ ಏನೂ ಬರಲಿಲ್ಲ.

ವಿಹಾರಕ್ಕೆ ಹೊರಡುವ ಗೃಹಸ್ಥರಿಗೆ ನನ್ನ ಬಿನ್ನಹ ಇಷ್ಟೆ. ಟಿಕೇಟು ತೆಗೆಯುವಾಗ ಸೇರಿರುವುದರ ಪಟ್ಟಿಯನ್ನು ಒಂದು ಸಲ, ಸೇರದೆ ಇರುವುದರ ಪಟ್ಟಿಯನ್ನು ಎರಡು ಸಲ ಓದಿ. ಸೇವಾಶುಲ್ಕವನ್ನು ಮೊದಲೇ ತಲೆಗೂ ದಿನಕ್ಕೂ ಗುಣಿಸಿ ಟಿಕೇಟಿನ ಬೆಲೆಗೆ ಕೂಡಿಸಿಕೊಂಡು, ತಾಳುವುದೋ ಇಲ್ಲವೋ ನೋಡಿ. ವೈದ್ಯರ ಬಿಲ್ಲಿಗಾಗಿ ವಿಮೆಯಿರಲಿ. ಪಾನಕವನ್ನು ಬಿಡಬಹುದು, ಭಾವಚಿತ್ರವನ್ನು ಬಿಡಬಹುದು. ನನ್ನ ಹಾಗೆ ರೋಮ್ ನಗರವನ್ನು ಮಾತ್ರ ಬಿಡಬೇಡಿ. ಒಂದು ರುಜುವಿನಿಂದ ಅಳಿಸಬಹುದಾದ ಬಾಬಿನ ಹಿಂದೆ ಯಾರ ಕೈಯಿದೆಯೆಂದು ವಿಚಾರಿಸದೆ ರುಜು ಹಾಕಬೇಡಿ.

ಹಿಂದಿರುಗಿದ ಮೂರನೆಯ ದಿನ ಮಗನು ತನ್ನ ಕಾರ್ಡಿನ ಲೆಕ್ಕವನ್ನು ನೋಡಿ ಆಶ್ಚರ್ಯಪಟ್ಟನು. "ಅಪ್ಪ, ಹಡಗಿನಿಂದ ಒಂದು ಕಾಸೂ ಬಂದಿಲ್ಲವಲ್ಲ! ಎಲ್ಲವೂ ಉಚಿತವಾಗಿಯೇ ಆಯಿತೇ?" ಎಂದನು.

"ಕಡೆಗೆ ಉಚಿತವಾಗಿಯೇ ಆಯಿತು" ಎಂದೆನು. ಯಾವ ಅರ್ಥದಲ್ಲಿ ಎಂದು ಅವನು ಕೇಳಲಿಲ್ಲ. ಒಳಗಿನಿಂದ ನಮ್ಮ ಮನೆಯವಳು ಕೆಮ್ಮಿದಳು.