ತೊಡೆಯ ಪೆಟ್ಟೂ ಹಿಮದ ಉಂಡೆಯೂ

ತಿಪಟೂರಿಗೂ ತುರುವೇಕೆರೆಗೂ ನಡುವಣ ಸೀಮೆಯಲ್ಲಿ ತೆಂಗಿನ ತೋಟಗಳ ಮರೆಯಲ್ಲಿ ಅಡಗಿರುವ ಒಂದು ಹಳ್ಳಿಯುಂಟು. ಅಲ್ಲಿ ಎಪ್ಪತ್ತನ್ನು ದಾಟಿದ ಗೃಹಸ್ಥರೊಬ್ಬರು ವಾಸವಾಗಿರುವರು. ಅವರನ್ನು ಹೆಸರು ಹಿಡಿದು ಕರೆಯುವವರು ಈಗ ಬಹಳ ಮಂದಿ ಉಳಿದಿಲ್ಲ. ಯೌವನದಲ್ಲಿ ಮೂಡಲಪಾಯದ ಆಟಗಳಲ್ಲಿ ದುರ್ಯೋಧನನ ವೇಷವನ್ನು ತಪ್ಪದೆ ಧರಿಸುತ್ತಿದ್ದುದರಿಂದ ಊರಿನವರು ಅವರಿಗೆ ‘ಕೌರವ’ರೆಂದೇ ಹೆಸರಿಟ್ಟರು. ಅವರಿಗೆ ಒಬ್ಬ ತಮ್ಮನುಂಟು. ಆ ತಮ್ಮನದು ಭೀಮನ ವೇಷ. ಒಡಹುಟ್ಟಿದವರಿಬ್ಬರೂ ಗದೆ ಹಿಡಿದು ಎದುರುಬದುರಾಗಿ ನಿಂತರೆಂದರೆ ಆಚೀಚೆಯ ಹತ್ತು ಹಳ್ಳಿಗಳವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ.

ಕರಾವಳಿಯ ಯಕ್ಷಗಾನವನ್ನು ಮಾತ್ರ ಬಲ್ಲ ವಾಚಕರಿಗೆ ಈ ಬಯಲುಸೀಮೆಯ ಆಟದ ಪರಿಚಯವನ್ನು ಎರಡು ಮಾತಿನಲ್ಲಿ ಹೇಳುವುದು ಯುಕ್ತ. ಭಾಗವತರ ಹಾಡು, ಮದ್ದಳೆ, ತಾಳ, ಇವುಗಳೊಡನೆ ಎದೆಯನ್ನು ಕೊರೆಯುವಂತಹ ಮುಖವೀಣೆ. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಭಾರವಾದ ಕಿರೀಟ, ಭುಜಕೀರ್ತಿಗಳು. ರಾತ್ರಿ ಗಣಪತಿಯ ಸ್ತುತಿಯಿಂದ ಮೊದಲಾಗಿ ಬೆಳಗಿನ ಮಂಗಳದವರೆಗೆ ಅವಿಚ್ಛಿನ್ನವಾಗಿ ನಡೆಯುವ ಕಥೆ. ರಂಗಕ್ಕೆ ಬಂದ ಪಾತ್ರವನ್ನು ಸಾರಥಿಯು ಎದುರುಗೊಂಡು ‘ತಾವಾರು, ಯಾವ ದೇಶಾಧಿಪತಿಗಳು’ ಎಂದು ಕೇಳುವನು. ಬಂದ ರಾಜನು ತನ್ನ ಬಿರುದುಗಳನ್ನೆಲ್ಲ ಹೇಳಿಕೊಳ್ಳುವನು. ವಿದ್ವಾಂಸರಾದ ಜೀ. ಶಂ. ಪರಮಶಿವಯ್ಯನವರು ಈ ಕಲೆಯನ್ನು ಶ್ರದ್ಧೆಯಿಂದ ಅಭ್ಯಸಿಸಿ ಅದರ ಪುನರುಜ್ಜೀವನಕ್ಕಾಗಿ ದುಡಿದುದನ್ನು ಬಲ್ಲವರು ಬಲ್ಲರು. ಪ್ರಸಂಗಗಳ ಹೆಸರುಗಳನ್ನು ಗಮನಿಸಿದರೆ ‘ಕರಿಭಂಟನ ಕಾಳಗ’ ಮೊದಲಾಗಿ ಕಾಳಗಗಳದೇ ಕಾರುಬಾರು. ಕಡೆಗೆ ಗೆಲ್ಲುವವರಾರು ಎಂಬುದು ಎಳೆಯ ಮಕ್ಕಳಿಗೂ ತಿಳಿದ ಸಂಗತಿ. ತಿಳಿದಿದ್ದರೂ ಜನರು ಕಂಬಳಿ ಹೊದ್ದು ಬೆಳಗಿನವರೆಗೆ ಕುಳಿತಿರುತ್ತಿದ್ದರು. ಏಕೆಂದರೆ ಅವರಿಗೆ ಬೇಕಾದುದು ಗೆಲವಿನ ಸುದ್ದಿಯಲ್ಲ, ಗೆದ್ದ ಬಗೆ.

ಈ ಕೌರವರ ಮೊಮ್ಮಗನು ಕಾಲೇಜಿನಲ್ಲಿ ಓದುವ ಹುಡುಗ. ರಜೆಗೆ ಅಜ್ಜನ ಮನೆಗೆ ಬಂದವನು ಗಣಕಯಂತ್ರವನ್ನು ನಡುಮನೆಯಲ್ಲಿರಿಸಿಕೊಂಡು ‘ದಿ ವಿಚರ್ ೩: ವೈಲ್ಡ್ ಹಂಟ್’ ಎಂಬ ವಿಡಿಯೋ ಗೇಮನ್ನು ಆಡತೊಡಗಿದನು. ಪೋಲೆಂಡ್ ದೇಶದ ಸಿ.ಡಿ. ಪ್ರೊಜೆಕ್ಟ್ ರೆಡ್ ಎಂಬ ಸಂಸ್ಥೆಯವರು ಅದೇ ದೇಶದ ಸಾಪ್ಕೋವ್ಸ್ಕಿ ಎಂಬ ಕಾದಂಬರಿಕಾರರ ಕಥೆಗಳನ್ನಾಧರಿಸಿ ೨೦೧೫ರಲ್ಲಿ ಇದನ್ನು ಹೊರತಂದರು. ಆಡುವವನು ಗೆರಾಲ್ಟ್ ಎಂಬ ಬಿಳಿಗೂದಲಿನ ವೀರನ ವೇಷವನ್ನು ಧರಿಸಬೇಕು. ಕೂಲಿಗಾಗಿ ರಾಕ್ಷಸರನ್ನೂ ಭೂತಗಳನ್ನೂ ಸಂಹರಿಸುವುದು ಇವನ ವೃತ್ತಿ. ತನ್ನ ಸಾಕುಮಗಳನ್ನು ಹುಡುಕಿ ಕಾಪಾಡುವುದು ಕಥೆಯ ಹುರುಳು. ಆ ಮಗಳ ಹೆಸರು ಸಿರಿ. ಇದು ಆ ದೇಶದವರ ಹೆಸರೇ ಹೊರತು ನಮ್ಮ ಶ್ರೀಯಲ್ಲ. ಆದರೂ ಅಜ್ಜನವರು ಆ ಹೆಸರು ಕಿವಿಗೆ ಬಿದ್ದ ಕೂಡಲೇ ಜಗಲಿಯಿಂದೆದ್ದು ಬಂದು ಮೊಮ್ಮಗನ ಹಿಂದೆ ಕುಳಿತರು.

ಕುಳಿತವರಿಗೆ ಮೊದಲು ರುಚಿಸಿದುದು ಯುದ್ಧತಂತ್ರ. ವೀರನ ಬೆನ್ನಿನಲ್ಲಿ ಎರಡು ಕತ್ತಿಗಳು. ಉಕ್ಕಿನದು ಮನುಷ್ಯರಿಗೆ, ಬೆಳ್ಳಿಯದು ರಾಕ್ಷಸರಿಗೆ. ಎದುರಾಳಿಯ ಜಾತಿಯನ್ನರಿತು ಅಲಗಿಗೆ ಬೇರೆಬೇರೆಯ ತೈಲಗಳನ್ನು ಸವರಬೇಕು. ಇದಲ್ಲದೆ ಐದು ಬಗೆಯ ಮಂತ್ರಮುದ್ರೆಗಳುಂಟು: ಒಂದು ಬೆಂಕಿ ಕಾರುವುದು, ಒಂದು ನೂಕಿ ಕೆಡಹುವುದು, ಒಂದು ಕವಚವಾಗುವುದು, ಒಂದು ಮನಸ್ಸನ್ನು ಮರುಳುಗೊಳಿಸುವುದು, ಒಂದು ನೆಲದ ಮೇಲೆ ಮಂಡಲವನ್ನೆಳೆಯುವುದು. ಉರಿಬಿಸಿಲಿನ ನಡುಮಧ್ಯಾಹ್ನದಲ್ಲಿ ಅಲೆಯುವ ಒಂದು ಹೆಣ್ಣು ಪ್ರೇತವು ಹೊಗೆಯಂತಿದ್ದು ಕತ್ತಿಗೆ ಸಿಕ್ಕುವುದೇ ಇಲ್ಲ. ಮಂಡಲದೊಳಕ್ಕೆ ಬಂದೊಡನೆ ಅದಕ್ಕೆ ಮೈ ಮೂಡುವುದು, ಆಗ ಹೊಡೆಯಬೇಕು. ಅಜ್ಜನವರು ಇದನ್ನು ಕಂಡು, “ಹೊಡೆಯುವುದಕ್ಕೆ ಮುಂಚೆ ಓದಿಕೊಳ್ಳಬೇಕಾದ ಯುದ್ಧ ಇದು, ಒಳ್ಳೆಯದೇ” ಎಂದು ತಲೆದೂಗಿದರು. ಹುಡುಗನು ಕುಶಲಿ. ಪೆಟ್ಟು ಬರುವ ಕ್ಷಣವನ್ನರಿತು ಪಕ್ಕಕ್ಕೆ ಜಾರುವನು, ಶತ್ರುವಿನ ಬೆನ್ನ ಹಿಂದೆ ತೇಲುವನು. ಹದಿನೈದು ದಿನಗಳಲ್ಲಿ ಅವನು ಕಾದಿ ಸೋತು ಹಿಮ್ಮೆಟ್ಟಿದ ಕಾಳಗ ಒಂದೂ ಇರಲಿಲ್ಲ.

ಇಷ್ಟಾಗಿಯೂ ಕಥೆ ಮುಗಿದಾಗ ಸಿರಿ ಹಿಂದಿರುಗಿ ಬರಲಿಲ್ಲ. ಜಗತ್ತನ್ನೆಲ್ಲ ನುಂಗಲಿರುವ ಮಹಾಶೈತ್ಯವೊಂದನ್ನು ತಡೆಯುವುದಕ್ಕಾಗಿ ಅವಳು ಒಬ್ಬಳೇ ಬಾಗಿಲೊಂದನ್ನು ದಾಟಿ ಹೋದಳು. ಮಗಳನ್ನು ಕಳೆದುಕೊಂಡ ಗೆರಾಲ್ಟನು ಜೌಗಿನ ನಡುವಣ ಗುಡಿಸಲಿನಲ್ಲಿ ಉಳಿದಿದ್ದ ಕೊನೆಯ ಮಾಟಗಾತಿಯನ್ನು ಕೊಂದು, ಅವಳ ವಶದಲ್ಲಿದ್ದ ಪದಕವೊಂದನ್ನು ಕೈಯಲ್ಲಿ ಹಿಡಿದು ಕುಸಿದು ಕುಳಿತನು. ಹೊರಗೆ ಭೂತಗಳು ಸುತ್ತುಗಟ್ಟಿ ಬರುತ್ತಿದ್ದುವು. ಪರದೆ ಕಪ್ಪಾಯಿತು. ಹುಡುಗನು ಬಹಳ ಹೊತ್ತು ಸುಮ್ಮನಿದ್ದು, “ಒಂದು ಕಾಳಗವನ್ನೂ ಸೋಲಲಿಲ್ಲವಲ್ಲ, ಅಜ್ಜ” ಎಂದನು.

ಅನಂತರ ಅವನೇ ವಿಚಾರಿಸಿ ತಿಳಿದುಕೊಂಡ ಸಂಗತಿಯು ಸ್ವಾರಸ್ಯವಾಗಿದೆ. ಸಿರಿ ಉಳಿಯುವಳೋ ಇಲ್ಲವೋ ಎಂಬುದು ಕತ್ತಿಯ ಕೈಚಳಕಕ್ಕೆ ಸೇರಿದ್ದಲ್ಲ. ಕಥೆಯ ನಡುನಡುವೆ ಬರುವ ಕೆಲವು ಸಣ್ಣ ನಡತೆಗಳಿಗೆ ಸೇರಿದ್ದು. ಇದು ಮುಖ್ಯವಾದುದೆಂದು ಅಲ್ಲಿ ಎಚ್ಚರಿಸುವವರಿಲ್ಲ. ಮುದಿ ಗುರುವೊಬ್ಬನು ಅವಳಿಗಾಗಿ ಪ್ರಾಣ ಕೊಟ್ಟ ಮೇಲೆ ಅವಳು ದುಃಖಿಸುತ್ತ ಕುಳಿತಿರುವಾಗ ಸಾಕುತಂದೆಯು ಮದ್ಯದ ಪಾತ್ರೆಯನ್ನು ಮುಂದಿಟ್ಟು, ಎಲ್ಲದರಲ್ಲಿಯೂ ನೀನೇ ಗೆಲ್ಲಬೇಕಾದುದಿಲ್ಲ ಎಂದು ಸಮಾಧಾನ ಹೇಳಬಹುದು. ಇಲ್ಲವೆ ಹೊರಗೆ ಕರೆದುಕೊಂಡು ಹೋಗಿ ಅವಳೊಡನೆ ಹಿಮದ ಉಂಡೆಗಳನ್ನೆಸೆದಾಡಬಹುದು. ಮಾಂತ್ರಿಕ ಸ್ತ್ರೀಯರ ಸಭೆಗೆ ಅವಳು ಹೋಗುವಾಗ ಜೊತೆಗೆ ತಾನೂ ನುಗ್ಗಬಹುದು. ಇಲ್ಲವೆ ನೀನೇ ಹೋಗಿ ಬಾ ಎಂದು ನಂಬಿ ಕಳುಹಿಸಬಹುದು. ಸಿಟ್ಟುಬಂದು ಅವಳು ಪಾತ್ರೆಪರಡಿಗಳನ್ನು ಒಡೆಯತೊಡಗಿದರೆ ತಡೆಯಬಹುದು. ಇಲ್ಲವೆ ತಾನೂ ಕೈಗೂಡಿಸಬಹುದು. ಅವಳಿಗಾಗಿ ಸತ್ತ ತರುಣನೊಬ್ಬನ ಸಮಾಧಿಗೆ ಹೋಗೋಣವೆಂದರೆ ಹೊತ್ತಿಲ್ಲವೆನ್ನಬಹುದು, ಇಲ್ಲವೆ ಹೋಗಬಹುದು. ಹುಡುಗನು ಮುಂದಿನ ಕಾಳಗದ ಆತುರದಲ್ಲಿ ಎಲ್ಲ ಕಡೆಯೂ ಬೇಗ ಮುಗಿಯುವ ದಾರಿಯನ್ನೇ ಹಿಡಿದಿದ್ದನು. ಹಿಮದಾಟವನ್ನು ಹುಡುಗಾಟವೆಂದು ಬಿಟ್ಟಿದ್ದನು. ವಾಚಕರು ನಗಬಾರದು; ಮಗುವಿನೊಡನೆ ಅರ್ಧ ಗಳಿಗೆ ಆಡುವುದನ್ನು ಕೃಷಿ, ವ್ಯಾಜ್ಯ, ಪಂಚಾಯಿತಿಗಳ ಆತುರದಲ್ಲಿ ಬಿಟ್ಟ ತಂದೆಯರು ಈ ಸೀಮೆಯಲ್ಲಿಯೂ ಹೇರಳವಾಗಿರುವರು.

ಅಂದಿನ ರಾತ್ರಿ ಊಟವಾದ ಮೇಲೆ ಅಜ್ಜನವರು ಮೊಮ್ಮಗನಿಗೆ ಗದಾಯುದ್ಧದ ಸಂಗತಿಯನ್ನು ಹೇಳಿದರು. ವ್ಯಾಸಭಾರತದ ಶಲ್ಯಪರ್ವದಲ್ಲಿ ಶ್ರೀಕೃಷ್ಣನೇ ಒಪ್ಪಿಕೊಳ್ಳುವಂತೆ ಭೀಮನು ಬಲಶಾಲಿ, ದುರ್ಯೋಧನನು ಕುಶಲಿ. ಬಲಕ್ಕಿಂತ ಕೌಶಲವೇ ಮಿಗಿಲು. ಭೀಮನನ್ನು ಕೊಲ್ಲುವುದಕ್ಕಾಗಿಯೇ ಅವನು ಕಬ್ಬಿಣದ ಗೊಂಬೆಯೊಂದರ ಮೇಲೆ ಹದಿಮೂರು ವರ್ಷ ಸಾಧನೆ ಮಾಡಿದ್ದನು. ಧರ್ಮಯುದ್ಧದಲ್ಲಿ ಭೀಮನು ಗೆಲ್ಲಲಾರನೆಂದು ಕೃಷ್ಣನು ಹೇಳಲಾಗಿ ಅರ್ಜುನನು ತನ್ನ ಎಡದ ತೊಡೆಯನ್ನು ತಟ್ಟಿ ತೋರಿಸಿದನು. ದುರ್ಯೋಧನನು ಪೆಟ್ಟನ್ನು ತಪ್ಪಿಸಿಕೊಳ್ಳಲೆಂದು ಮೇಲಕ್ಕೆ ನೆಗೆದ ಕ್ಷಣದಲ್ಲಿ ಗದೆ ತೊಡೆಗಳಿಗೆ ಬಿತ್ತು. ಹೊಕ್ಕುಳಿನಿಂದ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ಬಲರಾಮನು ನೇಗಿಲನ್ನೆತ್ತಿ ಬಂದುದು ಅದಕ್ಕೇ. “ನೆಗೆತವೂ ಒಳ್ಳೆಯ ವರಸೆಯೇ, ಪೆಟ್ಟೂ ಗುರಿತಪ್ಪದ ಪೆಟ್ಟೇ” ಎಂದರು ಅಜ್ಜನವರು. “ಆದರೆ ಆ ರಾತ್ರಿಯೇ ಅಶ್ವತ್ಥಾಮನು ಪಾಳೆಯಕ್ಕೆ ನುಗ್ಗಿ ದ್ರೌಪದಿಯ ಐದು ಮಕ್ಕಳನ್ನೂ ಕೊಂದ. ಪಾಂಡವರೂ ಕಾಳಗ ಗೆದ್ದಿದ್ದರಪ್ಪ.”

ಈ ಕಥೆಗೆ ಕೊನೆಯೆಲ್ಲಿ ಎಂಬ ವಿಷಯದಲ್ಲಿ ಕವಿಗಳು ಒಮ್ಮತದವರಲ್ಲ. ಪಂಪನು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡವನಾದುದರಿಂದ ಅವನ ಕಾವ್ಯದ ಕೊನೆಯಲ್ಲಿ ಪಟ್ಟಾಭಿಷೇಕವು ಅರ್ಜುನನಿಗೆ, ಮಹಾರಾಣಿ ಸುಭದ್ರೆ. ರನ್ನನ ದೊರೆ ಸತ್ಯಾಶ್ರಯನು ಭೀಮನೊಡನೆ ಏಕೀಭವಿಸಿದವನು. ಅಲ್ಲಿ ಪಟ್ಟ ಭೀಮನಿಗೆ. ಕುಮಾರವ್ಯಾಸನಲ್ಲಿ ಎಂದಿನಂತೆ ಧರ್ಮರಾಯನಿಗೆ. ಆದರೆ ಪಟ್ಟವನ್ನು ಯಾರಿಗೆ ಕಟ್ಟಿದರೂ ರನ್ನನನ್ನು ಓದಿ ಮುಗಿಸಿದವನ ಕಣ್ಣಿನಲ್ಲಿ ನಿಲ್ಲುವವನು ಸಿಂಹಾಸನದ ಭೀಮನಲ್ಲ, ನೆಲಕ್ಕುರುಳಿದ ದುರ್ಯೋಧನ. ಈ ಸೀಮೆಯವರಿಗೆ ಇದು ವಿಶೇಷವಾಗಿ ಗೋಚರಿಸಿತೆಂದು ತೋರುತ್ತದೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ೧೮೮೪ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ರಚಿಸಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ. ನಂ. ಶ್ರೀಕಂಠಯ್ಯನವರು ‘ಗದಾಯುದ್ಧ ಸಂಗ್ರಹ’ವನ್ನು ಸಿದ್ಧಪಡಿಸಿ ಎಷ್ಟೋ ವಿದ್ಯಾರ್ಥಿಗಳ ಕೈಗಿತ್ತರು. ಬಿ.ಎಂ. ಶ್ರೀಯವರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸೊಫೋಕ್ಲಿಸನ ‘ಅಯಾಸ್’ ನಾಟಕವನ್ನು ಕನ್ನಡಕ್ಕೆ ತರುವಾಗ ಚಿರಂಜೀವಿಯೆಂದು ಪುರಾಣಗಳು ಸಾರುವ ಅಶ್ವತ್ಥಾಮನಿಗೇ ರಂಗದಲ್ಲಿ ಮರಣವನ್ನು ಕೊಟ್ಟರು. ಸಂಪ್ರದಾಯಸ್ಥರು ಮುನಿದರು. ಮುನಿಯುವುದು ಸಹಜವೂ ಹೌದು. ಕೊನೆಯನ್ನು ಬದಲಿಸುವ ಹಕ್ಕು ಸುಲಭವಾಗಿ ಸಿಕ್ಕಬಾರದು.

ಇವರೆಲ್ಲರಿಗಿಂತ ಮುಂಚೆಯೇ, ಭಾಸನದೆಂದು ಹೇಳುವ ‘ಊರುಭಂಗ’ವು ಬೇರೊಂದು ಕೊನೆಯನ್ನು ಕಂಡಿತ್ತು. ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಎಳೆಯ ಮಗ ದುರ್ಜಯನು ಬಂದು ಎಂದಿನಂತೆ ತೊಡೆಯ ಮೇಲೆ ಕುಳಿತುಕೊಳ್ಳಲು ಹೋಗುವನು. ತಂದೆಯು ತಡೆಯಬೇಕಾಗುವುದು. ಕುಳ್ಳಿರಿಸಿಕೊಳ್ಳಲು ತೊಡೆಯೇ ಇಲ್ಲ. ಹನ್ನೊಂದು ಅಕ್ಷೌಹಿಣಿಗಳ ನಾಶವು ಮಾಡಲಾರದುದನ್ನು ಆ ಒಂದು ಸಂಗತಿಯು ಮಾಡುವುದು. ಪೋಲೆಂಡಿನವರ ಹಿಮದ ಉಂಡೆಯೂ ಇದೇ ಜಾತಿಗೆ ಸೇರಿದ್ದು. ಇಷ್ಟು ವ್ಯತ್ಯಾಸವುಂಟು: ಅಲ್ಲಿ ಆಡುವವನು ಮೊದಲೇ ಉಳಿಸಿಟ್ಟಿದ್ದ ಸ್ಥಾನಕ್ಕೆ ಹಿಂದಿರುಗಿ ಮತ್ತೆ ಆಡಬಹುದು. ಹುಡುಗನು ಹಾಗೆಯೇ ಮಾಡುವೆನೆಂದನು. ಇದು ನಾಟಕಕ್ಕಾಗಲಿ ಕಾವ್ಯಕ್ಕಾಗಲಿ ಇಲ್ಲದ ಸೌಕರ್ಯ. ಇದರಿಂದ ಪಶ್ಚಾತ್ತಾಪವು ಹಗುರವಾಗುವುದೆಂಬ ಶಂಕೆಯೂ ಹುಟ್ಟದಿರದು.

ಅಜ್ಜನವರು ಆ ಮಾತನ್ನು ಕೇಳಿ, “ಹಾಗೆ ಹಿಂದಕ್ಕೆ ಹೋಗುವುದು ನಿಮ್ಮ ಆಟದಲ್ಲಿ ಮಾತ್ರವೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಲಗಲು ಹೋದರು.

ಅವರ ಮನಸ್ಸಿನಲ್ಲಿದ್ದುದು ಊರಿನ ಹಿರಿಯರೆಲ್ಲರಿಗೂ ಗೊತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ, ಪಾಲಾಗಿದ್ದ ತೋಟದ ಬದುವಿನ ಮೇಲಿನ ಹನ್ನೊಂದು ತೆಂಗಿನ ಮರಗಳಿಗಾಗಿ ಅಣ್ಣತಮ್ಮಂದಿರಲ್ಲಿ ವ್ಯಾಜ್ಯ ಹುಟ್ಟಿತು. ದಾಖಲೆಗಳು ಇಬ್ಬರ ಕಡೆಗೂ ಸಮನಾಗಿದ್ದುವು. ತಮ್ಮನ ಕಡೆಗೆ ಒಂದು ಕೂದಲಿನಷ್ಟು ವಾಲಿದ್ದುವೆಂದು ಹೇಳುವವರೂ ಉಂಟು. ಒಂದು ವಾಯಿದೆಯ ಹಿಂದಿನ ರಾತ್ರಿ ತಮ್ಮನ ಹೆಂಡತಿ ಆಸ್ಪತ್ರೆಗೆ ಸೇರಿದಳು. ತಮ್ಮನು ಆಳೊಬ್ಬನ ಮೂಲಕ, ನಾಳೆಯ ವಾಯಿದೆಯನ್ನು ಮುಂದಕ್ಕೆ ಹಾಕಲು ಅಣ್ಣ ಒಪ್ಪಬೇಕು ಎಂದು ಹೇಳಿಕಳುಹಿಸಿದನು. ಆಗಲೆ ಎರಡು ಸಲ ಗೈರುಹಾಜರಾಗಿದ್ದವನು ಅವನು. ಅಣ್ಣನು ಬಂದವನಿಗೆ ಯಾವ ಉತ್ತರವನ್ನೂ ಕೊಡಲಿಲ್ಲ. ಮಾರನೆಯ ದಿನ ವಕೀಲರಿಗೂ ಏನನ್ನೂ ತಿಳಿಸಲಿಲ್ಲ. ಏಕಪಕ್ಷೀಯವಾಗಿ ಡಿಕ್ರಿಯಾಯಿತು. ಹಣದ ಕೊರತೆಯಿಂದಲೋ ಅಭಿಮಾನದಿಂದಲೋ ತಮ್ಮನು ಅದನ್ನು ಪ್ರಶ್ನಿಸಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅಣ್ಣನ ನಡತೆಯಲ್ಲಿ ಹುಡುಕಿದರೂ ದೋಷ ಸಿಕ್ಕದು. ತಮ್ಮನ ಹೆಂಡತಿ ಬದುಕಿ ಮನೆಗೆ ಬಂದಳು. ಆದರೆ ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಆ ಊರಿನಲ್ಲಿ ಗದಾಯುದ್ಧದ ಆಟವೂ ಇಲ್ಲ. ಭೀಮನಿಲ್ಲದೆ ಕೌರವನು ಯಾರೊಡನೆ ಕಾದಬೇಕು?

ಆ ಹನ್ನೊಂದು ಮರಗಳಲ್ಲಿ ಈಗ ನಿಂತಿರುವುವು ಏಳು. ಉಳಿದುವು ನುಸಿರೋಗಕ್ಕೂ ಬರಗಾಲಕ್ಕೂ ಹೋದುವು. ಏಳರ ಕಾಯಿಯನ್ನು ಕಿತ್ತು ಅಟ್ಟಕ್ಕೇರಿಸುವ ಕೂಲಿಯನ್ನು ಲೆಕ್ಕ ಹಾಕಿದರೆ ಉಳಿಯುವುದೇನೂ ಇಲ್ಲವೆಂದು ಅವರೇ ಒಮ್ಮೆ ಹೇಳಿದ್ದುಂಟು.

ಎರಡು ದಿನಗಳಾದ ಮೇಲೆ ಹುಡುಗನು ಹಳೆಯ ಸ್ಥಾನದಿಂದ ಮತ್ತೆ ಆಡಿದನು. ಅಜ್ಜನವರನ್ನು ಕೂಗಿ ಕರೆದು ಹಿಮದಾಟವನ್ನು ತೋರಿಸಿದನು. ಬೆಳ್ಳಗೆ ಹೆಪ್ಪುಗಟ್ಟಿದ ಕೋಟೆಯ ಅಂಗಳದಲ್ಲಿ ತಂದೆಯೂ ಮಗಳೂ ಒಬ್ಬರ ಮೇಲೊಬ್ಬರು ಉಂಡೆಗಳನ್ನೆಸೆದು ನಗುತ್ತಿದ್ದರು. ಹಿಮವನ್ನೇ ಕಾಣದ ಸೀಮೆಯ ಮುದುಕರು ಅದನ್ನು ಕಣ್ಣು ಮಿಟುಕಿಸದೆ ನೋಡಿದರು. ಆಡುವುದರಲ್ಲಿ ಗೆದ್ದವರಾರು ಎಂದು ಕೇಳಲಿಲ್ಲ.

ಮರುದಿನ ಬೆಳಗ್ಗೆ ಅವರು ಮೇಲುಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು, ಬದುವನ್ನು ದಾಟಿ, ಇಪ್ಪತ್ತೆರಡು ವರ್ಷ ತುಳಿಯದ ಕಾಲುದಾರಿಯಲ್ಲಿ ನಡೆದರು. ಹುಡುಗನು ಸ್ವಲ್ಪ ದೂರ ಹಿಂದೆ ಹೋದನು. ತಮ್ಮನು ಅಂಗಳದಲ್ಲಿ ಗೋಣಿಯ ಮೇಲೆ ಕುಳಿತು, ವರ್ಷಪೂರ್ತಿ ಅಟ್ಟದ ಮೇಲೆ ಒಣಗಿದ ಕಾಯಿಗಳನ್ನು ಒಡೆಸಿ ತೆಗೆದ ಉಂಡೆಕೊಬ್ಬರಿಯಲ್ಲಿ ಒಳ್ಳೆಯದನ್ನೂ ಹೋಳಾದುದನ್ನೂ ಬೇರ್ಪಡಿಸುತ್ತಿದ್ದನು. ಅವನ ಒಂದು ಕಣ್ಣಿಗೆ ಪೊರೆ ಬಂದಿತ್ತು. ಹೆಜ್ಜೆಯ ಸಪ್ಪಳಕ್ಕೆ ತಲೆಯೆತ್ತಿ, ರಂಗದಲ್ಲಿ ಸಾರಥಿಯು ಕೇಳುವ ಪ್ರಶ್ನೆಯನ್ನೇ ಕೇಳಿದನು: “ಯಾರದು ಬಂದದ್ದು?”

ಅಜ್ಜನವರು ಬಿರುದುಗಳನ್ನು ಹೇಳಿಕೊಳ್ಳಲಿಲ್ಲ. “ನಾನು ಕಣೋ” ಎಂದರು.

ತಮ್ಮನು ಏಳಲೂ ಇಲ್ಲ, ಮಾತನಾಡಲೂ ಇಲ್ಲ. ಕೈಯಲ್ಲಿದ್ದ ಕೊಬ್ಬರಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ ಒಳ್ಳೆಯ ರಾಶಿಗೆ ಹಾಕಿದನು. ಅನಂತರ ತಾನು ಕುಳಿತಿದ್ದ ಗೋಣಿಯ ಮೇಲೆ ಪಕ್ಕಕ್ಕೆ ಸರಿದು ಕುಳಿತನು.