ಕಾಡಿಗೊಂದು ಲೆಕ್ಕದ ಪುಸ್ತಕ

ಮರವನ್ನು ಪ್ರೀತಿಸದವರು ಲೋಕದಲ್ಲಿ ವಿರಳ. ಬಿಸಿಲಿನಲ್ಲಿ ನಡೆದು ಬಂದವನಿಗೆ ನೆರಳಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕಾಡು ಕರಗುತ್ತಲೇ ಬಂದಿದೆ. ಪ್ರೀತಿಯಿದ್ದೂ ಕಾಡು ಉಳಿಯಲಿಲ್ಲವೆಂದ ಮೇಲೆ, ಅದನ್ನು ಉಳಿಸಲು ಪ್ರೀತಿಯ ಜೊತೆಗೆ ಬೇರೆ ಏನೋ ಬೇಕೆಂದಾಯಿತು.

ನಾನು ಹುಟ್ಟಿ ಬೆಳೆದ ಹಳ್ಳಿಯ ಅಂಚಿನಲ್ಲಿ ಒಂದು ತೋಪಿತ್ತು. ಹೊಂಗೆ, ಹುಣಿಸೆ, ನೇರಳೆಗಳ ಆ ತೋಪು ಇಡೀ ಊರಿನ ಸ್ವತ್ತು. ದನಗಳಿಗೆ ಅಲ್ಲಿ ನೆರಳು, ನಮ್ಮಂಥ ಹುಡುಗರಿಗೆ ಹಣ್ಣು. ಒಬ್ಬರು ಗಾಡಿಯ ನೊಗಕ್ಕೆಂದು ಒಂದು ಕೊಂಬೆಯನ್ನು ಕಡಿದರು. ಇನ್ನೊಬ್ಬರು ಮಗಳ ಮದುವೆಯ ಸೌದೆಗೆಂದು ಒಂದು ಮರವನ್ನೇ ಉರುಳಿಸಿದರು. ಅವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಬರೆದಿಡುವವರಿರಲಿಲ್ಲ. ಹೋದದ್ದಕ್ಕೆ ಬದಲಾಗಿ ನೆಡುವ ಹೊಣೆ ಯಾರದೆಂದು ಗೊತ್ತಿರಲಿಲ್ಲ. ಹತ್ತು ಹನ್ನೆರಡು ವರ್ಷಗಳಲ್ಲಿ ತೋಪು ಬಯಲಾಯಿತು. ಎಲ್ಲರದೂ ಆಗಿದ್ದುದು ಯಾರದೂ ಅಲ್ಲದ್ದಾಗಿ ಹೋಗಿತ್ತು.

ಎಲ್ಲರದೂ ಆದ ಕಾಡು ಉಳಿಯುವ ಬಗೆಯೊಂದುಂಟು ಎಂಬುದನ್ನು ನಾನು ಕಂಡುಕೊಂಡದ್ದು ಇಂಗ್ಲೆಂಡಿನಲ್ಲಿ. ಕೆಲವು ವರ್ಷಗಳ ಹಿಂದೆ ಸೇಂಟ್ ಆಲ್ಬನ್ಸ್ ನಗರದಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ತಂಗಿದ್ದೆ. ಸಮೀಪದಲ್ಲಿ ಹಾರ್ಟ್‌ವುಡ್ ಎಂಬ ಕಾಡಿದೆ. ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ. 2008ರವರೆಗೆ ಅದರ ಬಹುಪಾಲು ಉಳುಮೆಯ ಹೊಲವಾಗಿತ್ತೆಂದು ಕೇಳಿದಾಗ ನನಗೆ ಆಶ್ಚರ್ಯವಾಯಿತು. ಸುಮಾರು 850 ಎಕರೆಗಳ ಆ ನೆಲದಲ್ಲಿ ಓಕ್, ಹಾರ್ನ್‌ಬೀಮ್, ಕಾಡು ಚೆರ್ರಿ ಮೊದಲಾದ ಆರು ಲಕ್ಷ ಗಿಡಗಳನ್ನು ಸಾವಿರಾರು ಸ್ವಯಂಸೇವಕರು ನೆಟ್ಟಿದ್ದಾರೆ. ಅವರಲ್ಲಿ ಶಾಲೆಯ ಮಕ್ಕಳೂ ಬಹಳ ಮಂದಿ.

ಈ ಕಾಡಿನ ಒಡೆತನ ವುಡ್‌ಲ್ಯಾಂಡ್ ಟ್ರಸ್ಟ್ ಎಂಬ ದತ್ತಿಸಂಸ್ಥೆಯದು. ಕೃಷಿಯಂತ್ರಗಳ ವ್ಯಾಪಾರ ಮಾಡುತ್ತಿದ್ದ ಕೆನೆತ್ ವಾಟ್ಕಿನ್ಸ್ ಎಂಬವರು 1972ರಲ್ಲಿ ಡೆವನ್ ಪ್ರಾಂತದಲ್ಲಿ ಇದನ್ನು ಸ್ಥಾಪಿಸಿದರು. ಹಳೆಯ ಕಾಡುಗಳನ್ನು ಕಡಿದು ಹೊಲ ಮಾಡುವುದನ್ನೂ, ಬೇಗ ಬೆಳೆಯುವ ಸೂಚಿಪರ್ಣಿ ಮರಗಳನ್ನು ಸಾಲುಸಾಲಾಗಿ ನೆಡುವುದನ್ನೂ ಕಂಡು ಅವರು ಮರುಗಿದರು. ಮರುಕದಲ್ಲಿಯೇ ನಿಲ್ಲದೆ, ಹಣ ಕೂಡಿಸಿ ಕಾಡನ್ನು ಕೊಂಡು ಸಂಸ್ಥೆಯ ಹೆಸರಿಗೆ ಬರೆಸಿದರು. ಇಂದು ಬ್ರಿಟನ್ನಿನ ಉದ್ದಗಲಕ್ಕೂ ಒಂದು ಸಾವಿರಕ್ಕಿಂತ ಹೆಚ್ಚು ಕಾಡುಗಳು ಅದರ ಪಾಲನೆಯಲ್ಲಿವೆ. ಇರುವ ಹಳೆಯ ಕಾಡನ್ನು ರಕ್ಷಿಸುವುದು, ಕೆಟ್ಟುದನ್ನು ಸರಿಪಡಿಸುವುದು, ಹೊಸದನ್ನು ಬೆಳೆಸುವುದು, ಇವು ಅದರ ಮೂರು ಗುರಿಗಳು.

ಇಷ್ಟು ದೊಡ್ಡ ಕಾರ್ಯ ನಡೆಯುವುದು ಹೇಗೆ? ಎಲ್ಲಕ್ಕೂ ಮೇಲೆ ಧರ್ಮದರ್ಶಿಗಳ ಮಂಡಳಿಯಿದೆ. ಅವರು ಸಂಬಳ ಪಡೆಯುವುದಿಲ್ಲ. ಸಂಸ್ಥೆಯ ನೀತಿಯನ್ನು ನಿರ್ಧರಿಸಿ, ಹಣ ಸರಿಯಾದ ಕೆಲಸಕ್ಕೆ ಸಲ್ಲುವಂತೆ ನೋಡಿಕೊಳ್ಳುವುದು ಅವರ ಹೊಣೆ. ದಿನದಿನದ ಆಡಳಿತಕ್ಕೆ ಸಂಬಳದ ಅಧಿಕಾರಿಗಳೂ ಕಾಡಿನ ವಿಷಯವನ್ನು ಬಲ್ಲ ತಜ್ಞರೂ ಇದ್ದಾರೆ. ಕಾಡುಗಳ ನಿರ್ವಹಣೆಗೆ ಲಿಖಿತ ಯೋಜನೆಗಳಿರುತ್ತವೆ. ಎಲ್ಲಿ ಮರಗಳನ್ನು ತೆಳುಗೊಳಿಸಬೇಕು, ಎಲ್ಲಿ ದಾರಿಯನ್ನು ದುರಸ್ತಿ ಮಾಡಬೇಕು ಎಂಬುದೆಲ್ಲ ಅವುಗಳಲ್ಲಿರುತ್ತದೆ. ಹಣವು ಸದಸ್ಯರ ವಂತಿಗೆಯಿಂದ, ದಾನಗಳಿಂದ, ಅನುದಾನಗಳಿಂದ ಬರುತ್ತದೆ. ಅದರಲ್ಲಿ ಒಂದು ದೊಡ್ಡ ಪಾಲು ಉಯಿಲುಗಳ ಮೂಲಕ ಬರುವುದು ಗಮನಾರ್ಹ. ತಾವು ಕಣ್ಣಾರೆ ಕಾಣಲಾಗದ ನೆರಳಿಗಾಗಿ ಜನ ತಮ್ಮ ಗಳಿಕೆಯನ್ನು ಬರೆದಿಟ್ಟು ಹೋಗುತ್ತಾರೆ. ವರ್ಷವರ್ಷವೂ ಲೆಕ್ಕವನ್ನು ತಪಾಸಣೆಗೆ ಒಳಪಡಿಸಿ ಸರ್ಕಾರದ ದತ್ತಿ ಆಯೋಗಕ್ಕೆ ಒಪ್ಪಿಸಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು.

ಒಂದು ದಿನ ಹಾರ್ಟ್‌ವುಡ್‌ನಲ್ಲಿ ವೃದ್ಧರೊಬ್ಬರು ಕಾಲುದಾರಿಗೆ ಅಡ್ಡ ಬಿದ್ದ ಕೊಂಬೆಯನ್ನು ಸರಿಸಿ, ಪುಟ್ಟ ಪುಸ್ತಕದಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದರು. ವಿಚಾರಿಸಿದೆ. ಅವರು ನಿವೃತ್ತ ಅಂಚೆ ನೌಕರರು. ವಾರಕ್ಕೊಮ್ಮೆ ಬಂದು ತಮ್ಮ ಪಾಲಿನ ದಾರಿಯನ್ನು ನೋಡಿಕೊಳ್ಳುವ ಸ್ವಯಂಸೇವಕರು. "ಇಷ್ಟು ಸಣ್ಣ ಕೆಲಸವನ್ನೂ ಬರೆಯಬೇಕೆ?" ಎಂದೆ. "ಬರೆಯದಿದ್ದರೆ ನನ್ನ ನಂತರ ಬರುವವರಿಗೆ ತಿಳಿಯುವುದು ಹೇಗೆ?" ಎಂದರು. ಆ ಮಾತಿನಲ್ಲಿ ನನಗೆ ಇಡೀ ಸಂಸ್ಥೆಯ ಗುಟ್ಟು ಕಂಡಿತು.

ಇಂಥ ಸಂಸ್ಥೆಗೆ ಎಲ್ಲವೂ ಸಾಧ್ಯವೆಂದು ಭಾವಿಸಬಾರದು. 1600ಕ್ಕೂ ಮೊದಲಿನಿಂದ ಎಡೆಬಿಡದೆ ಕಾಡಾಗಿಯೇ ಉಳಿದುಬಂದುದನ್ನು ಇಂಗ್ಲೆಂಡಿನಲ್ಲಿ ಪ್ರಾಚೀನ ಕಾಡು ಎನ್ನುತ್ತಾರೆ. ಬ್ರಿಟನ್ನಿನ ನೆಲದಲ್ಲಿ ಅಂಥ ಕಾಡು ಉಳಿದಿರುವುದು ನೂರಕ್ಕೆ ಎರಡೂವರೆ ಪಾಲು ಮಾತ್ರ. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹಾಕುತ್ತಿರುವ ಹೊಸ ರೈಲುಮಾರ್ಗಕ್ಕಾಗಿ ಅಂಥ ಕೆಲವು ಕಾಡುಗಳ ಭಾಗಗಳನ್ನು ಕಡಿದಾಗ ಟ್ರಸ್ಟ್ ಬಲವಾಗಿ ವಿರೋಧಿಸಿತು, ಆದರೂ ತಡೆಯಲಾಗಲಿಲ್ಲ. 2012ರಲ್ಲಿ ಆ ದೇಶದಲ್ಲಿ ಪತ್ತೆಯಾದ ಶಿಲೀಂಧ್ರ ರೋಗವೊಂದು ಆ್ಯಶ್ ಮರಗಳನ್ನು ಇಂದಿಗೂ ಕೊಲ್ಲುತ್ತಿದೆ. ಹೊಸದಾಗಿ ನೆಟ್ಟ ಗಿಡಗಳು ನಾನೂರು ವರ್ಷಗಳ ಮಣ್ಣಿಗೆ ಕೂಡಲೇ ಸಮನಾಗಲಾರವು. ಸಂಸ್ಥೆಯವರು ಇದನ್ನು ಬಲ್ಲರು. ಆದುದರಿಂದಲೇ ನೆಡುವುದಕ್ಕಿಂತ ಮೊದಲು ಉಳಿಸುವ ಮಾತನ್ನಾಡುತ್ತಾರೆ.

ವನಮಹೋತ್ಸವದ ದಿನ ಗಿಡ ನೆಡುವುದು ಸಂತೋಷದ ಕೆಲಸ. ನೆಟ್ಟ ಗಿಡಕ್ಕೆ ಬೇಸಿಗೆಯಲ್ಲಿ ನೀರೆರೆಯುವವರು ಯಾರು, ಬೇಲಿಯನ್ನು ನೋಡಿಕೊಳ್ಳುವವರು ಯಾರು, ಅವರು ಶಾಲೆ ಬಿಟ್ಟು ಹೋದ ಮೇಲೆ ಆ ಹೊಣೆಯನ್ನು ಹೊರುವವರು ಯಾರು ಎಂಬುದನ್ನು ಅಂದೇ ಒಂದು ಪುಸ್ತಕದಲ್ಲಿ ಬರೆದಿಡುವುದು ಅಷ್ಟೇ ಮುಖ್ಯವಾದ ಕೆಲಸ. ಮನುಷ್ಯರು ಬರುತ್ತಾರೆ, ಹೋಗುತ್ತಾರೆ. ಹೊಣೆ ಒಂದು ಕೈಯಿಂದ ಇನ್ನೊಂದು ಕೈಗೆ ತಪ್ಪದೆ ಸಾಗಿದರೆ ಮಾತ್ರ ಗಿಡ ಮರವಾದೀತು, ಮರಗಳು ಕಾಡಾದಾವು.